ಏಳು ಬಿಟ್ ವಿಳಾಸ, ಒಂಬತ್ತು ಬಿಟ್ ಡೇಟಾ: ವಿಚಿತ್ರ ರಿಜಿಸ್ಟರ್‌ಗಳಿಗೆ ಡ್ರೈವರ್ ಬರೆಯೋದು

ಟಿಟ್ವಾಳಾದಿಂದ ಮಾತಾಡ್ತಾ ಇದ್ದೀನಿ. ವಿಡಿಯೋ ನೋಡಿದವರಿಗೆ ಮಧ್ಯೆ ಮಧ್ಯೆ ಕಸಾರಾ ಲೋಕಲ್ ಹಾರ್ನ್ ಕೇಳಿಸಿರುತ್ತೆ, ಓದ್ತಾ ಇರೋರು ಬಚಾವ್. ಮಾತಾಡಿದ್ದನ್ನೇ ಬರಹಕ್ಕೆ ಇಳಿಸಿದ್ದೇನೆ. ಬೋರ್ಡ್ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ವಾಕ್ಯವಾಗಿ ಬಿಡಿಸಿದ್ದೇನೆ, ಅಷ್ಟೇ ವ್ಯತ್ಯಾಸ.

ಇವತ್ತಿನ ವಿಷಯ ಸ್ವಲ್ಪ ಕೆಳಗಿನ ಮಟ್ಟದ್ದು. ನಮ್ಮಲ್ಲಿ ಬಹಳ ಜನ ಜಾವಾ, ಟೆಸ್ಟಿಂಗ್, ಕ್ಲೌಡ್ ಅಂತ ಐರೋಳಿ, ಮಹಾಪೆ, ಪವಾಯಿ ಕಡೆ ಕೆಲಸ ಮಾಡ್ತಾರೆ. ಹಾರ್ಡ್‌ವೇರ್ ಹತ್ರದ ಕೆಲಸ ಬೇಕು ಅಂದ್ರೆ ವಾಪಸ್ ಬೆಂಗಳೂರಿಗೇ ಹೋಗಬೇಕು ಅನ್ನೋ ಭಾವನೆ ಇದೆ. ಪೂರ್ತಿ ಸುಳ್ಳಲ್ಲ ಅದು. ಆದ್ರೆ ಥಾಣೆ, ನವಿ ಮುಂಬೈ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಮೀಟರ್, ಕಂಟ್ರೋಲರ್, ಡೇಟಾ ಲಾಗರ್ ಮಾಡೋ ಸಣ್ಣ ಕಂಪನಿಗಳು ಇವೆ. ಅಲ್ಲಿ ಲಿನಕ್ಸ್ ಡ್ರೈವರ್ ಗೊತ್ತಿರೋ ಒಬ್ಬ ಮನುಷ್ಯ ಸಿಕ್ಕಿದ್ರೆ ಬಿಡಲ್ಲ.

ರಿಜಿಸ್ಟರ್ ಅಂದ್ರೆ ಏನು ಅಂತ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗ್ತೀನಿ. ಚಿಪ್ ಒಳಗೆ ಸಣ್ಣ ಸಣ್ಣ ಡಬ್ಬಿಗಳು ಇರ್ತವೆ, ಪ್ರತಿ ಡಬ್ಬಿಗೂ ಒಂದು ನಂಬರ್. ಆ ನಂಬರಿನ ಡಬ್ಬಿಗೆ ಇಂಥ ಸಂಖ್ಯೆ ಹಾಕಿದ್ರೆ ವಾಲ್ಯೂಮ್ ಜಾಸ್ತಿ ಆಗುತ್ತೆ, ಇನ್ನೊಂದನ್ನು ಓದಿದ್ರೆ ಉಷ್ಣಾಂಶ ಸಿಗುತ್ತೆ. ಸಾಮಾನ್ಯವಾಗಿ 8 ಬಿಟ್ ವಿಳಾಸ, 8 ಬಿಟ್ ಅಥವಾ 16 ಬಿಟ್ ಡೇಟಾ. ಎಲ್ಲಾ ಚಿಪ್ಪೂ ಹಾಗೇ ಇದ್ದಿದ್ರೆ ಈ ಮಾತೇ ಬೇಕಿರಲಿಲ್ಲ.

ಒಂದು ನಿಜವಾದ ಚಿಪ್ ತಗೊಳ್ಳೋಣ. ಡಬ್ಲ್ಯುಎಂ8731. ಎಡಿನ್‌ಬರದ ವುಲ್ಫ್‌ಸನ್ ಕಂಪನಿಯ ಹಳೇ ಆಡಿಯೋ ಕೋಡೆಕ್. ವುಲ್ಫ್‌ಸನ್‌ನ 2014ರಲ್ಲಿ ಸಿರಸ್ ಲಾಜಿಕ್ ಕೊಂಡುಕೊಂಡಿತು. ರಾಸ್ಪ್‌ಬೆರಿ ಪೈ ಮೇಲೆ ಕೂರಿಸೋ ಕೆಲವು ಸೌಂಡ್ ಬೋರ್ಡ್‌ಗಳಲ್ಲಿ ಈ ಚಿಪ್ ಇದೆ. ಬೆಂಗಳೂರಲ್ಲಿ ಎಸ್‌ಪಿ ರೋಡ್, ಇಲ್ಲಿ ಲ್ಯಾಮಿಂಗ್ಟನ್ ರೋಡ್ ಸುತ್ತಿದವರಿಗೆ ಇಂಥ ಬೋರ್ಡ್‌ಗಳ ಪರಿಚಯ ಇರುತ್ತೆ.

ಈ ಚಿಪ್ಪಿನಲ್ಲಿ ವಿಳಾಸ 7 ಬಿಟ್, ಡೇಟಾ 9 ಬಿಟ್. ಕೂಡಿದ್ರೆ 16, ಅಂದ್ರೆ ಎರಡು ಬೈಟ್. ಐಟೂಸಿ ತಂತಿ ಮೇಲೆ ಬೈಟ್ ಬೈಟ್ ಆಗಿಯೇ ಹೋಗಬೇಕು. ಮೊದಲನೇ ಬೈಟಲ್ಲಿ ಎಂಟು ಜಾಗ. ಏಳು ಜಾಗದಲ್ಲಿ ವಿಳಾಸ ಕೂತಿದೆ. ಉಳಿದ ಒಂದು ಜಾಗಕ್ಕೆ ಡೇಟಾದ ಒಂಬತ್ತನೇ ಬಿಟ್ ಬಂದು ಕೂರುತ್ತೆ. ನಮ್ಮ ಲೋಕಲ್‌ನಲ್ಲಿ ಮೂರು ಜನರ ಸೀಟಿನ ತುದೀಲಿ ನಾಲ್ಕನೆಯವನು ಅರ್ಧ ಕೂತ್ಕೊಂಡು ಕಲ್ಯಾಣದವರೆಗೂ ಬರ್ತಾನಲ್ಲ, ಥೇಟ್ ಹಾಗೆ. ಸೀಟು ವಿಳಾಸದ್ದು, ತುದಿಯಲ್ಲಿ ಕೂತವನು ಡೇಟಾ ಮನೆಯವನು.

ಇದರಿಂದ ಏನು ತೊಂದರೆ? ಲೆಕ್ಕ ಹಾಕಿ ನೋಡಿ. ಈ ಚಿಪ್ಪಿನಲ್ಲಿ 5ನೇ ರಿಜಿಸ್ಟರ್ ಡಿಜಿಟಲ್ ದಾರಿಯದ್ದು. ಅದರಲ್ಲಿ 3ನೇ ಬಿಟ್ ಏರಿಸಿದ್ರೆ, ಅಂದ್ರೆ 8 ಬರೆದ್ರೆ, ಶಬ್ದ ಮ್ಯೂಟ್ ಆಗುತ್ತೆ. ಹೊಸಬರು ಏನು ಮಾಡ್ತಾರೆ? ಟರ್ಮಿನಲ್ ತೆಗೆದು ಐಟೂಸಿ ಸೆಟ್ ಕಮಾಂಡಿಗೆ ರಿಜಿಸ್ಟರ್ 5, ಡೇಟಾ 8 ಅಂತ ಕೊಡ್ತಾರೆ. ತಂತಿ ಮೇಲೆ 05, 08 ಅನ್ನೋ ಎರಡು ಬೈಟ್ ಹೋಗುತ್ತೆ. ಚಿಪ್ ಇದನ್ನ ಹೇಗೆ ಓದುತ್ತೆ? 05 ಅಂದ್ರೆ ಬೈನರಿಯಲ್ಲಿ 0000 0101. ಮೊದಲ ಏಳು ಬಿಟ್ ತಗೊಂಡ್ರೆ 2. ಕೊನೇ 1 ಡೇಟಾದ ಒಂಬತ್ತನೇ ಬಿಟ್. ಹಾಗಾಗಿ ಚಿಪ್ಪಿಗೆ ಕೇಳಿಸಿದ್ದು ‘2ನೇ ರಿಜಿಸ್ಟರಿಗೆ ಹೆಕ್ಸ್ 108 ಬರಿ’ ಅಂತ.

2ನೇ ರಿಜಿಸ್ಟರ್ ಯಾವುದು? ಎಡಗಡೆ ಹೆಡ್‌ಫೋನ್ ವಾಲ್ಯೂಮ್. ಅದರ ಒಂಬತ್ತನೇ ಬಿಟ್‌ನ ಅರ್ಥ ‘ಇದೇ ವಾಲ್ಯೂಮನ್ನು ಬಲಗಡೆಗೂ ಹಾಕು’ ಅಂತ. ವಾಲ್ಯೂಮ್ ಹೆಕ್ಸ್ 30ಕ್ಕಿಂತ ಕಡಿಮೆ ಇದ್ರೆ ಪೂರ್ತಿ ನಿಶ್ಶಬ್ದ. ನಾವು ಕೊಟ್ಟಿದ್ದು 8. ಹಾಗಾಗಿ ಎರಡೂ ಕಿವಿ ಬಂದ್!

ಮಜಾ ನೋಡಿ. ಮ್ಯೂಟ್ ಆಗಲಿ ಅಂತ ಕಮಾಂಡ್ ಕೊಟ್ರು, ಮ್ಯೂಟ್ ಆಯ್ತು. ಸರಿಯಾಗಿದೆ ಅಂದ್ಕೊಂಡ್ರು. ಆಮೇಲೆ ಅನ್‌ಮ್ಯೂಟ್ ಮಾಡೋಕೆ ರಿಜಿಸ್ಟರ್ 5ಕ್ಕೆ 0 ಬರೆದ್ರು. ಚಿಪ್ಪಿಗೆ ಕೇಳಿಸಿದ್ದು 2ನೇ ರಿಜಿಸ್ಟರಿಗೆ ಹೆಕ್ಸ್ 100. ವಾಲ್ಯೂಮ್ ಸೊನ್ನೆ. ಶಬ್ದ ಬರೋದೇ ಇಲ್ಲ. ‘ಮ್ಯೂಟ್ ಕೆಲಸ ಮಾಡುತ್ತೆ, ಅನ್‌ಮ್ಯೂಟ್ ಮಾತ್ರ ಮಾಡಲ್ಲ, ಚಿಪ್ ಕೆಟ್ಟಿದೆ’ ಅಂತ ತೀರ್ಮಾನಕ್ಕೆ ಬಂದು ಬೋರ್ಡ್ ವಾಪಸ್ ಕಳಿಸ್ತಾರೆ. ಚಿಪ್ ಗಟ್ಟಿಯಾಗೇ ಇದೆ. ತಂತಿ ಮೇಲೆ ಹೋಗಬೇಕಿದ್ದಿದ್ದು 0ಎ, 08. ಐದನ್ನ ಒಂದು ಬಿಟ್ ಎಡಕ್ಕೆ ಸರಿಸಿದ್ರೆ ಹತ್ತು, ಹೆಕ್ಸ್‌ನಲ್ಲಿ 0ಎ.

ಡ್ರೈವರ್ ಬರೆಯುವಾಗ ಈ ಸರಿಸೋ ಕೆಲಸ ಯಾರು ಮಾಡಬೇಕು ಅನ್ನೋದೇ ಇವತ್ತಿನ ನಿಜವಾದ ಪ್ರಶ್ನೆ. ಹಿಂದೆ ಪ್ರತಿ ಡ್ರೈವರೂ ತಾನೇ ಮಾಡ್ಕೊಳ್ತಿತ್ತು. ಸಿಂಪ್ಯೂಟರ್ ನೆನಪಿರಬಹುದು ಕೆಲವರಿಗೆ. ಐಐಎಸ್‌ಸಿಯ ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯವರು ಸೇರಿ ಬೆಂಗಳೂರಲ್ಲಿ ವಿನ್ಯಾಸ ಮಾಡಿದ್ದು. 2004ರಲ್ಲಿ ಬಿಇಎಲ್ ಜೊತೆ ಸೇರಿ ಅಮಿಡಾ ಅನ್ನೋ ಹೆಸರಲ್ಲಿ ಮಾರುಕಟ್ಟೆಗೂ ಬಂತು. ಸ್ಟ್ರಾಂಗ್‌ಆರ್ಮ್ ಚಿಪ್ ಮೇಲೆ ಲಿನಕ್ಸ್ ಓಡಿಸ್ತಿದ್ರು. ಆ ಕಾಲದ ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಸಾಮಾನ್ಯ ಸೌಲಭ್ಯ ಅಂತ ಏನೂ ಇರಲಿಲ್ಲ. ಎಡಕ್ಕೆ ಸರಿಸು, ಬಲಕ್ಕೆ ಸರಿಸು, ಬೈಟ್ ತಿರುಗಿಸು, ಎಲ್ಲಾ ಡ್ರೈವರ್ ಬರೆಯೋನ ತಲೇಲೇ.

ಆಮೇಲೆ ಆಡಿಯೋ ಡ್ರೈವರ್‌ಗಳ ಕಡೆಯವರಿಗೆ ಬೇಜಾರು ಬಂತು. ಒಂದೇ 7-9 ಕೋಡು ಹತ್ತಾರು ಕೋಡೆಕ್ ಫೈಲುಗಳಲ್ಲಿ ನಕಲಾಗ್ತಿತ್ತು. ಮೊದಲು ಅದನ್ನು ಆಡಿಯೋ ವಿಭಾಗದ ಒಳಗೇ ಒಂದು ಕಡೆ ಸೇರಿಸಿದ್ರು. ನಂತರ ವುಲ್ಫ್‌ಸನ್‌ನಲ್ಲೇ ಇದ್ದ ಮಾರ್ಕ್ ಬ್ರೌನ್ ಅದನ್ನು ಹೊರಗೆ ತೆಗೆದು ಎಲ್ಲಾ ಡ್ರೈವರ್‌ಗೂ ಆಗೋ ಹಾಗೆ ರೆಗ್‌ಮ್ಯಾಪ್ ಅಂತ ಮಾಡಿದ್ರು. 2011ರ ಲಿನಕ್ಸ್ 3.1ರಲ್ಲಿ ಅದು ಸೇರಿತು. ಈಗ ಡ್ರೈವರ್‌ನಲ್ಲಿ ಬರೆಯಬೇಕಾದ್ದು ಎರಡು ಸಾಲು: ವಿಳಾಸ 7 ಬಿಟ್, ಡೇಟಾ 9 ಬಿಟ್. ಆಮೇಲೆ ನೀವು ‘5ನೇ ರಿಜಿಸ್ಟರಿಗೆ 8 ಬರಿ’ ಅಂತ ಹೇಳಿದ್ರೆ ಸಾಕು, 0ಎ 08 ಮಾಡೋದು ಅದರ ಕೆಲಸ. ರೆಗ್‌ಮ್ಯಾಪ್ ಕೋಡ್ ತೆಗೆದು ನೋಡಿದ್ರೆ ಇಂಥ ಬೆಸ ಜೋಡಿಗಳು ಬೆರಳೆಣಿಕೆಯಷ್ಟು ಸಿಗ್ತವೆ: 2-6, 4-12, 7-9, 7-17, 10-14, 12-20. ಪ್ರತಿಯೊಂದಕ್ಕೂ ನಾಲ್ಕೈದು ಸಾಲಿನ ಫಂಕ್ಷನ್. ಇಷ್ಟು ಸಣ್ಣದಾ ಅನ್ನಿಸುತ್ತೆ.

ಆದ್ರೆ ಈ ಬೆಸ ಜೋಡಿಗಳಿಗೆ ಒಂದು ಮಿತಿ ಇದೆ, ಬಹಳ ಜನ ಗಮನಿಸಲ್ಲ. ಇವೆಲ್ಲ ಬರೆಯೋಕೆ ಮಾತ್ರ. ಓದೋ ದಾರಿ ಇಲ್ಲ. ಡಬ್ಲ್ಯುಎಂ8731 ಚಿಪ್ಪೇ ಹಾಗೆ, ಒಳಗೆ ಏನಿದೆ ಅಂತ ಕೇಳಿದ್ರೆ ಉತ್ತರ ಕೊಡಲ್ಲ. ಹಾಗಾದ್ರೆ ‘3ನೇ ಬಿಟ್ ಒಂದನ್ನೇ ಬದಲಿಸು, ಬೇರೆ ಬಿಟ್ ಮುಟ್ಟಬೇಡ’ ಅಂದ್ರೆ ಹೇಗೆ? ಹಳೇ ಬೆಲೆ ಗೊತ್ತಿರಬೇಕಲ್ಲ. ಅದಕ್ಕೆ ರೆಗ್‌ಮ್ಯಾಪ್ ಒಂದು ಕ್ಯಾಶ್ ಇಟ್ಕೊಳ್ಳುತ್ತೆ. ಚಿಪ್ ಪವರ್ ಆನ್ ಆದಾಗ ಯಾವ ರಿಜಿಸ್ಟರಲ್ಲಿ ಏನಿರುತ್ತೆ ಅನ್ನೋ ಪಟ್ಟಿಯನ್ನ ಡ್ರೈವರ್ ಕೊಡಬೇಕು. 0 ಮತ್ತು 1ರಲ್ಲಿ ಹೆಕ್ಸ್ 97, 2 ಮತ್ತು 3ರಲ್ಲಿ ಹೆಕ್ಸ್ 79, ಹೀಗೆ. ಅಲ್ಲಿಂದ ಮುಂದೆ ಬರೆದಿದ್ದೆಲ್ಲ ಕ್ಯಾಶ್‌ನಲ್ಲೂ ಬರೆದಿಡುತ್ತೆ. ಕಿರಾಣಿ ಅಂಗಡಿ ಉದ್ರಿ ಪುಸ್ತಕ ಇದ್ದ ಹಾಗೆ. ಸಿಸ್ಟಮ್ ಸ್ಲೀಪ್‌ಗೆ ಹೋಗಿ ಚಿಪ್ಪಿನ ಪವರ್ ಕಟ್ ಆಯ್ತು ಅಂದ್ಕೊಳ್ಳಿ, ಎದ್ದ ಮೇಲೆ ಕ್ಯಾಶ್ ಸಿಂಕ್ ಅಂತ ಒಂದು ಕರೆ ಕೊಟ್ರೆ ಪುಸ್ತಕದಲ್ಲಿ ಆರಂಭದ ಪಟ್ಟಿಗಿಂತ ಬೇರೆಯಾಗಿರೋದನ್ನೆಲ್ಲ ಮತ್ತೆ ಚಿಪ್ಪಿಗೆ ಬರೆಯುತ್ತೆ. ಆ ಆರಂಭದ ಪಟ್ಟಿಯಲ್ಲಿ ಒಂದು ಅಂಕಿ ತಪ್ಪಾದ್ರೂ ಪುಸ್ತಕವೇ ಸುಳ್ಳು. ಚಿಪ್ ಅದನ್ನ ಸರಿಪಡಿಸೋಕೆ ಬರಲ್ಲ, ಅದು ಮೂಕ. ಆದ್ದರಿಂದ ಇಂಥ ಚಿಪ್‌ಗಳಲ್ಲಿ ಡೇಟಾಶೀಟ್‌ನ ರಿಜಿಸ್ಟರ್ ಪುಟವನ್ನು ಎರಡು ಜನ ಬೇರೆ ಬೇರೆ ಕೂತು ಟೈಪ್ ಮಾಡಿ ಹೋಲಿಸೋದು ಒಳ್ಳೇದು. ಹಳೇ ಕಾಲದ ಪದ್ಧತಿ, ಆದ್ರೆ ನನಗೆ ಅದೇ ಇಷ್ಟ.

ಈಗ ಸ್ವಲ್ಪ ಗಂಭೀರವಾದ ವಿಷಯ. ವಾಲ್ಯೂಮ್ ತಪ್ಪಾದ್ರೆ ಯಾರೂ ಸಾಯಲ್ಲ. ಉಷ್ಣಾಂಶ ತಪ್ಪಾದ್ರೆ?

ಟಿಎಂಪಿ102 ಅಂತ ಒಂದು ಸಣ್ಣ ಸೆನ್ಸರ್ ಇದೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದ್ದು. 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ, ನಮ್ಮಲ್ಲಿ ಅರ್ಧ ಜನ ಅಲ್ಲಿಗೆ ಅರ್ಜಿ ಹಾಕಿರ್ತೀವಿ. ಈ ಸೆನ್ಸರ್ ಉಷ್ಣಾಂಶವನ್ನ 12 ಬಿಟ್‌ನಲ್ಲಿ ಕೊಡುತ್ತೆ, ಆದ್ರೆ 16 ಬಿಟ್ ಡಬ್ಬಿಯ ಎಡಗಡೆಗೆ ಒತ್ತಿ ಇಟ್ಟಿರುತ್ತೆ. ಬಲಗಡೆ ನಾಲ್ಕು ಬಿಟ್ ಉಷ್ಣಾಂಶದ್ದಲ್ಲ. ಒಂದು ಹೆಜ್ಜೆ ಅಂದ್ರೆ 0.0625 ಡಿಗ್ರಿ. 25 ಡಿಗ್ರಿ ಇದ್ರೆ ಹೆಕ್ಸ್ 1900. ಮೇಲಿನ ಬೈಟ್ ಮೊದಲು ಬರುತ್ತೆ. ಐಟೂಸಿ ಗೆಟ್ ಕಮಾಂಡಲ್ಲಿ ವರ್ಡ್ ಓದಿದ್ರೆ ಅದು ಕೆಳಗಿನ ಬೈಟ್ ಮೊದಲು ಬಂತು ಅಂತ ತಿಳ್ಕೊಂಡು 0019 ತೋರಿಸುತ್ತೆ. ಇದು ಮೊದಲ ಗುಂಡಿ, ಎಲ್ಲರೂ ಒಂದ್ಸಲ ನೋಡಿರ್ತಾರೆ, ತಕ್ಷಣ ಗೊತ್ತಾಗುತ್ತೆ.

ಎರಡನೇ ಗುಂಡಿ ಕಾಣಲ್ಲ. ನನಗೆ ಗೊತ್ತಿರೋ ಒಂದು ಸಣ್ಣ ಕಂಪನಿ, ಹೆಸರು ಬೇಡ, ಕೋಲ್ಡ್ ರೂಮ್‌ಗಳಿಗೆ ಉಷ್ಣಾಂಶದ ಲಾಗರ್ ಮಾಡ್ತಿತ್ತು. ಐಸ್‌ಕ್ರೀಮ್ ಇಡೋ ಕೋಣೆ, ಮೈನಸ್ 18ರ ಆಸುಪಾಸು ಇರಬೇಕು. ಡ್ರೈವರ್ ಕೋಡ್ ಬೋರ್ಡ್ ಕೊಟ್ಟವರಿಂದಲೇ ಬಂದಿತ್ತು. ಎರಡು ಬೈಟ್ ಸೇರಿಸು, ನಾಲ್ಕು ಬಿಟ್ ಬಲಕ್ಕೆ ಸರಿಸು, 0.0625ರಿಂದ ಗುಣಿಸು. 25 ಡಿಗ್ರಿ ಸರಿ ಬರುತ್ತೆ, 32 ಸರಿ ಬರುತ್ತೆ, ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ಇಟ್ರೆ 4 ಸರಿ ಬರುತ್ತೆ. ಬೆಂಗಳೂರಲ್ಲಿ ಬರೆದ ಕೋಡು, ನವಿ ಮುಂಬೈಯಲ್ಲಿ ಟೆಸ್ಟ್ ಮಾಡಿದ್ದು. ಎರಡೂ ಊರಲ್ಲಿ ಹೊರಗಡೆ ಸೊನ್ನೆಗಿಂತ ಕೆಳಗೆ ಇಳಿಯೋದೇ ಇಲ್ಲ!

ಮೈನಸ್ 18 ಆದಾಗ ಚಿಪ್ ಕೊಡೋದು ಹೆಕ್ಸ್ ಇಇ00. ಎರಡರ ಪೂರಕ, ಕಾಲೇಜಲ್ಲಿ ಓದಿದ್ದೇ. ಆ ಕೋಡಿನಲ್ಲಿ ಅದು ಸೈನ್ ಇಲ್ಲದ 16 ಬಿಟ್ ಸಂಖ್ಯೆ. ಬಲಕ್ಕೆ ಸರಿಸಿದ್ರೆ ಇಇ0, ಅಂದ್ರೆ 3808. ಗುಣಿಸಿದ್ರೆ 238 ಡಿಗ್ರಿ. ಅಷ್ಟೇ ಆಗಿದ್ರೆ ಸ್ಕ್ರೀನ್ ಮೇಲೆ 238 ನೋಡಿ ಯಾರಾದ್ರೂ ನಗ್ತಿದ್ರು, ಅಲ್ಲೇ ಸರಿಯಾಗ್ತಿತ್ತು. ಆದ್ರೆ ಮೇಲಿನ ಅಪ್ಲಿಕೇಶನ್ ಬರೆದವರು ಬುದ್ಧಿವಂತರು. ಸೆನ್ಸರಿನ ಗರಿಷ್ಠ 125 ಡಿಗ್ರಿ. ಅದಕ್ಕಿಂತ ಜಾಸ್ತಿ ಬಂದ್ರೆ ತಂತಿಯಲ್ಲಿ ಏನೋ ಗದ್ದಲ ಅಂತ ಬಿಟ್ಟುಬಿಡು, ಹಿಂದಿನ ಸರಿಯಾದ ಬೆಲೆಯನ್ನೇ ತೋರಿಸು ಅಂತ ಬರೆದಿದ್ರು. ಬಿಡಿಯಾಗಿ ನೋಡಿದ್ರೆ ಅದೂ ತಪ್ಪಲ್ಲ.

ಎರಡೂ ಸೇರಿದಾಗ ಏನಾಗುತ್ತೆ? ಕೋಣೆ ತಣ್ಣಗಾಗ್ತಾ ಬರುತ್ತೆ, 3, 2, 1, 0. ಅಲ್ಲಿಗೆ ನಿಂತುಹೋಗುತ್ತೆ. ಒಳಗೆ ಮೈನಸ್ 18 ಇದ್ರೂ 0, ಮೈನಸ್ 5 ಇದ್ರೂ 0. ಕಂಪ್ರೆಸರ್ ಕೆಟ್ಟು ಕೋಣೆ ನಿಧಾನಕ್ಕೆ ಬಿಸಿಯಾಗ್ತಾ ಮೈನಸ್ 18ರಿಂದ ಮೈನಸ್ 1ಕ್ಕೆ ಬಂದ್ರೂ ಸ್ಕ್ರೀನ್ ಅದೇ ಸೊನ್ನೆ ತೋರಿಸುತ್ತೆ. ಸೊನ್ನೆ ದಾಟಿದ ಮೇಲೆ ಅಲಾರ್ಮ್ ಹೊಡೆಯುತ್ತೆ, ಅಷ್ಟರಲ್ಲಿ ಒಳಗಿನ ಸರಕು ನೀರು. ಐಸ್‌ಕ್ರೀಮ್ ಬದಲು ಮೈನಸ್‌ನಲ್ಲೇ ಇಡಬೇಕಾದ ಔಷಧಿ ಇದ್ದಿದ್ರೆ ನೋಡೋಕೆ ಏನೂ ಗೊತ್ತಾಗ್ತಿರಲಿಲ್ಲ, ಯಾರಿಗೋ ಚುಚ್ಚಿಬಿಡ್ತಿದ್ರು.

‘ಡಿಸ್‌ಪ್ಲೇ ಸೊನ್ನೆಯಲ್ಲಿ ಹ್ಯಾಂಗ್ ಆಗುತ್ತೆ’ ಅನ್ನೋ ದೂರಿನ ಜೊತೆ ಬೋರ್ಡ್ ನನ್ನ ಹತ್ರ ಬಂತು. ಮನೇಲಿ ಕೋಲ್ಡ್ ರೂಮ್ ಎಲ್ಲಿಂದ ತರೋದು? ಕುಲ್ಫಿ ಮಾಡೋರು ಮಡಕೆಯಲ್ಲಿ ಐಸಿಗೆ ಉಪ್ಪು ಹಾಕ್ತಾರಲ್ಲ, ಅದನ್ನೇ ಮಾಡಿದ್ದು. ಪುಡಿ ಮಾಡಿದ ಐಸು, ಕಲ್ಲುಪ್ಪು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಸೆನ್ಸರ್. ಸ್ಕ್ರೀನ್ ಸೊನ್ನೆಗೆ ಬಂದು ನಿಂತಿತು. ಅದೇ ಹೊತ್ತಿಗೆ ಐಟೂಸಿ ಗೆಟ್ ಹಾಕಿದ್ರೆ 00ಎಫ್8. ಬೈಟ್ ತಿರುಗಿಸಿದ್ರೆ ಎಫ್800, ಅಂದ್ರೆ ಮೈನಸ್ 8. ಚಿಪ್ ಸತ್ಯವನ್ನೇ ಹೇಳ್ತಾ ಇದೆ, ನಡುವೆ ಇರೋರು ತಲುಪಿಸ್ತಾ ಇಲ್ಲ. ಸರಿಪಡಿಸಿದ್ದು ಒಂದು ಅಕ್ಷರ. ಯು16 ಇದ್ದಿದ್ದನ್ನ ಎಸ್16 ಮಾಡಿದ್ದು. ಜೊತೆಗೆ ‘ಹಿಂದಿನ ಬೆಲೆ ತೋರಿಸು’ ಅನ್ನೋದನ್ನ ತೆಗೆದು ‘ಸೆನ್ಸರ್ ದೋಷ’ ಅಂತ ಕೆಂಪಲ್ಲಿ ತೋರಿಸೋಕೆ ಹೇಳಿದೆ. ಅದಕ್ಕೆ ಅಪ್ಲಿಕೇಶನ್ ಕಡೆಯವರು ಒಪ್ಪೋಕೆ ಎರಡು ವಾರ ತಗೊಂಡ್ರು. ಗಿರಾಕಿ ಹೆದರ್ತಾರೆ ಅಂತ. ಹೆದರಲಿ ಅಂತಾನೇ ಅಲ್ವಾ ಲಾಗರ್ ಇಡೋದು?

ಬೇಸರ ಏನಂದ್ರೆ, ಲಿನಕ್ಸ್ ಮುಖ್ಯ ಶಾಖೆಯಲ್ಲಿ ಟಿಎಂಪಿ102 ಡ್ರೈವರ್ ಮೊದಲಿಂದ ಇದೆ. ರೆಗ್‌ಮ್ಯಾಪ್ ಬಳಸುತ್ತೆ, 8 ಬಿಟ್ ವಿಳಾಸ, 16 ಬಿಟ್ ಡೇಟಾ, ದೊಡ್ಡ ಬೈಟ್ ಮೊದಲು ಅಂತ ಒಂದು ಸಾಲು. ಸೈನ್ ಸರಿಯಾಗಿ ನೋಡಿಕೊಂಡಿದ್ದಾರೆ. ಈ ಚಿಪ್ಪಿನಲ್ಲಿ ಇನ್ನೂ ಒಂದು ವಿಚಿತ್ರ ಇದೆ: 13 ಬಿಟ್‌ನ ವಿಸ್ತೃತ ಮೋಡ್. ಆಗ ಉಷ್ಣಾಂಶ ಮೂರು ಬಿಟ್ ಮಾತ್ರ ಸರಿಸಬೇಕು. ಯಾವ ಮೋಡಲ್ಲಿ ಇದೆ ಅಂತ ಅದೇ ರಿಜಿಸ್ಟರಿನ ಕೊನೇ ಬಿಟ್ ಹೇಳುತ್ತೆ. ಮುಖ್ಯ ಶಾಖೆಯ ಡ್ರೈವರ್ ಆ ವಿಸ್ತೃತ ಮೋಡನ್ನ ತಾನೇ ಹಾಕಿಕೊಂಡು ಅದರಂತೆ ಓದುತ್ತೆ. ಇಷ್ಟು ಇದ್ದೂ ಬೋರ್ಡ್ ಮಾರೋರು ಯೂಸರ್‌ಸ್ಪೇಸ್‌ನಲ್ಲಿ ನಲವತ್ತು ಸಾಲು ಹೊಸದಾಗಿ ಬರೆದು ಕೊಡ್ತಾರೆ. ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಗಡಿಯಾರದ ಚಿಪ್ ಡಿಎಸ್1307 ಬಗ್ಗೆ ಎರಡು ಮಾತು. ಅದರಲ್ಲಿ ಅಂಕಿಗಳು ಬಿಸಿಡಿ. 59 ಸೆಕೆಂಡ್ ಅಂದ್ರೆ ಹೆಕ್ಸ್ 59. ಗಂಟೆಯ ರಿಜಿಸ್ಟರಲ್ಲಿ 6ನೇ ಬಿಟ್ 12 ಗಂಟೆಯೋ 24 ಗಂಟೆಯೋ ಅಂತ ಹೇಳುತ್ತೆ. 12 ಗಂಟೆ ಮೋಡಲ್ಲಿ 5ನೇ ಬಿಟ್ ಎಎಂ-ಪಿಎಂ, 24 ಗಂಟೆ ಮೋಡಲ್ಲಿ ಅದೇ ಬಿಟ್ ಇಪ್ಪತ್ತರ ಅಂಕಿ. 12 ಗಂಟೆಯ ಮಾಸ್ಕನ್ನೇ 24ಕ್ಕೂ ಹಾಕಿದ್ರೆ ರಾತ್ರಿ 8ರಿಂದ 12ರವರೆಗೆ ಮಾತ್ರ ಸಮಯ ತಪ್ಪು. ಅಷ್ಟು ಹೊತ್ತಿಗೆ ಎಲ್ಲರೂ ಥಾಣೆಯಲ್ಲಿ ಗಾಡಿ ಹಿಡಿದಿರ್ತಾರೆ, ಆಫೀಸಲ್ಲಿ ಯಾರಿಗೂ ಸಿಗಲ್ಲ.

ರಾಕ್‌ಚಿಪ್‌ನವರದ್ದು ಇನ್ನೊಂದು ಥರ, ನನಗೆ ಇದು ಚೆನ್ನಾಗಿದೆ ಅನ್ನಿಸುತ್ತೆ. ಅವರ ಜಿಆರ್‌ಎಫ್ ಅನ್ನೋ ಭಾಗದಲ್ಲಿ 32 ಬಿಟ್ ರಿಜಿಸ್ಟರ್. ಕೆಳಗಿನ 16 ನಿಜವಾದ ಡೇಟಾ, ಮೇಲಿನ 16 ಅನುಮತಿ ಚೀಟಿ. 3ನೇ ಬಿಟ್ ಏರಿಸಬೇಕಾದ್ರೆ ಹೆಕ್ಸ್ 00080008, ಇಳಿಸಬೇಕಾದ್ರೆ 00080000. ಚೀಟಿ ಇಲ್ಲದ ಬಿಟ್ ಅಲುಗಾಡಲ್ಲ. ಓದಿ, ತಿದ್ದಿ, ಬರೆಯೋ ಗೋಜು ಇಲ್ಲ, ಲಾಕ್ ಬೇಡ. ಆದ್ರೆ ಇದು ಗೊತ್ತಿಲ್ಲದೆ ರೆಗ್‌ಮ್ಯಾಪ್‌ನ ಅಪ್‌ಡೇಟ್ ಬಿಟ್ಸ್ ಕರೆಯನ್ನ ಮಾಮೂಲಿ ಥರ ಬಳಸಿದ್ರೆ, ಅದು ಹಳೇದನ್ನ ಓದಿ, ಕೆಳಗಿನ ಬಿಟ್ ತಿದ್ದಿ, ಚೀಟಿ ಜಾಗದಲ್ಲಿ ಸೊನ್ನೆ ಇಟ್ಟೇ ಬರೆಯುತ್ತೆ. ಎರರ್ ಬರಲ್ಲ, ಬದಲಾವಣೆಯೂ ಆಗಲ್ಲ. ಇಲ್ಲಿ ನೇರವಾಗಿ ರೈಟ್ ಮಾಡಬೇಕು, ಚೀಟಿ ಜೊತೆಗೆ.

ಕೊನೆಗೆ, ನಿಮ್ಮ ಚಿಪ್ಪಿನ ಜೋಡಿ ಆ ಪಟ್ಟಿಯಲ್ಲಿ ಇಲ್ಲ ಅಂದ್ರೆ ಏನು ಮಾಡೋದು? ಕೆಲವರು ತಕ್ಷಣ ರೆಗ್‌ಮ್ಯಾಪ್ ಒಳಗೇ ಹೊಸ ಫಾರ್ಮ್ಯಾಟ್ ಸೇರಿಸೋಕೆ ಹೊರಡ್ತಾರೆ. ಬರೀ ವಿಳಾಸ ಇಷ್ಟು ಬಿಟ್, ಡೇಟಾ ಇಷ್ಟು ಬಿಟ್ ಅನ್ನೋ ಲೆಕ್ಕವಾದ್ರೆ, ಬೇರೆ ಚಿಪ್ಪಿಗೂ ಆಗೋ ಹಾಗಿದ್ರೆ, ಸೇರಿಸಿ. ನಾಲ್ಕೈದು ಸಾಲು, ಯಾರಿಗೂ ಭಾರ ಅಲ್ಲ. ಆದ್ರೆ ಒಂದು ಚಿಪ್ಪಿನ ಹುಚ್ಚಾಟಕ್ಕೆ, ನಡುವೆ ಪ್ಯಾರಿಟಿ ಬಿಟ್ಟು, ತಿರುಗಿಸಿದ ನಿಬ್ಬಲ್ಲು, ಅಂಥದ್ದಕ್ಕೆಲ್ಲ ಎಲ್ಲರೂ ಓದೋ ಕೋಡಿನಲ್ಲಿ ಹೊಸ ಫ್ಲ್ಯಾಗ್ ತುಂಬಬಾರದು ಅನ್ನೋದು ನನ್ನ ಅಭಿಪ್ರಾಯ. ರೆಗ್‌ಮ್ಯಾಪ್ ಸೆಟ್ಟಿಂಗಲ್ಲಿ ನಿಮ್ಮದೇ ರೀಡ್ ಫಂಕ್ಷನ್, ರೈಟ್ ಫಂಕ್ಷನ್ ಕೊಡೋಕೆ ಜಾಗ ಇದೆ. ಅಲ್ಲಿ ಬೇಕಾದ ಸರ್ಕಸ್ ಮಾಡಿ. ಹೊರಗಿನವರಿಗೆ ಅದೇ ಸರಳ ರಿಜಿಸ್ಟರ್ ಕಾಣುತ್ತೆ, ಕ್ಯಾಶೂ ಸಿಗುತ್ತೆ. ಓದೋ ದಾರಿ ಬೇಕಾದ್ರೂ ಇದೇ ಉಪಾಯ.

ಎಸ್‌ಎಚ್‌ಟಿ31ನಂಥ ತೇವಾಂಶದ ಸೆನ್ಸರ್ ಇದ್ರೆ ಅದೂ ಬೇಡ. ಅದರಲ್ಲಿ ರಿಜಿಸ್ಟರೇ ಇಲ್ಲ. 16 ಬಿಟ್ ಕಮಾಂಡ್ ಕಳಿಸ್ತೀರ, ಎರಡು ಬೈಟ್ ಉಷ್ಣಾಂಶ, ಒಂದು ಸಿಆರ್‌ಸಿ, ಎರಡು ಬೈಟ್ ತೇವಾಂಶ, ಇನ್ನೊಂದು ಸಿಆರ್‌ಸಿ ಬರುತ್ತೆ. ಇದನ್ನ ರೆಗ್‌ಮ್ಯಾಪ್ ಒಳಗೆ ತುರುಕೋದು ಹಠ ಆಗುತ್ತೆ. ಲಿನಕ್ಸ್‌ನಲ್ಲಿರೋ ಅದರ ಡ್ರೈವರ್ ನೇರ ಐಟೂಸಿಯಲ್ಲೇ ಮಾತಾಡುತ್ತೆ.

ಓದಿದ್ರೆ ಅಳಿಸಿಹೋಗೋ ರಿಜಿಸ್ಟರ್‌ಗಳು ಇವೆ, ಇಂಟರಪ್ಟ್ ಸ್ಟೇಟಸ್ ಥರದವು. ಡೀಬಗ್ ಮಾಡೋಣ ಅಂತ ಇಣುಕಿ ನೋಡಿದ್ರೆ ಡ್ರೈವರಿಗೆ ಸಿಗಬೇಕಾದ ಇಂಟರಪ್ಟ್ ನೀವೇ ನುಂಗಿರ್ತೀರ. ರೆಗ್‌ಮ್ಯಾಪ್ ಅವನ್ನ ‘ಪ್ರೆಷಸ್’ ಅಂತ ಗುರುತು ಹಾಕೋಕೆ ಬಿಡುತ್ತೆ, ಹಾಕಿದ್ರೆ ಡೀಬಗ್‌ಎಫ್‌ಎಸ್ ಆ ಡಬ್ಬಿಯನ್ನ ಮುಟ್ಟಲ್ಲ. ಅದನ್ನ ಬೋರ್ಡ್ ಇಟ್ಕೊಂಡೇ ತೋರಿಸಬೇಕು, ಹಾಗಾಗಿ ಮುಂದಿನ ವಿಡಿಯೋಗೆ ಬಿಟ್ಟಿದ್ದೀನಿ.